ಅಟ್ಟದ ಮೇಲಿನ ಮದ್ದು ಯಾರ ಲೆಕ್ಕದಲ್ಲಿ?

ಕುಣಿಕೋಣೂರ (ತಾ. ಜತ್ತ): ಗೋಂಜಾಳ ತೆನೆ ಕಟ್ಟುವ ಹೊತ್ತಿಗೆ ನಮ್ಮ ಕಡೆ ಚಹಾದ ಅಂಗಡಿಯ ಮಾತೆಲ್ಲ ಹಂದಿಯ ಮಾತೇ ಆಗಿಬಿಡುತ್ತದೆ. ಯಾರ ಹೊಲಕ್ಕೆ ಬಂದಿತ್ತು, ಎಷ್ಟು ಸಾಲು ಮಲಗಿಸಿತು, ಯಾರು ರಾತ್ರಿಯೆಲ್ಲ ತಗಡು ಬಾರಿಸಿದರು ಎಂಬ ಲೆಕ್ಕ. ಆ ಲೆಕ್ಕ ಮುಗಿಯುವಾಗ ಒಬ್ಬರಾದರೂ ಅಂದೇ ಅನ್ನುತ್ತಾರೆ: "ಅಜ್ಜನ ಕಾಲದ ಬಂದೂಕು ಅಟ್ಟದ ಮ್ಯಾಲ ಐತಿ, ಮದ್ದೂ ಐತಿ. ಒಂದು ಈಡು ಹೊಡದ್ರ ಮತ್ತ ಈ ಕಡೆ ಹಾಯೂದಿಲ್ಲ ನೋಡು." ಬಂದೂಕಿನ ವಿಷಯದಲ್ಲಿ ಪರವಾನಗಿ, ನೋಂದಣಿ, ಠಾಣೆ ಅಂತ ನಾಲ್ಕು ಮಾತು ಎಲ್ಲರಿಗೂ ಗೊತ್ತು. ಆದರೆ ಅದೇ ಉಸುರಿನಲ್ಲಿ ಸದ್ದಿಲ್ಲದೆ ಬಂದುಹೋದ ಇನ್ನೊಂದು ಮಾತಿದೆಯಲ್ಲ, "ಮದ್ದೂ ಐತಿ", ಅದನ್ನು ಯಾರೂ ಕೇಳುವುದಿಲ್ಲ. ಎಷ್ಟಿದೆ, ಯಾವ ಡಬ್ಬಿಯಲ್ಲಿದೆ, ಯಾವ ವರ್ಷದ್ದು, ಅಡುಗೆ ಒಲೆಯಿಂದ ಎಷ್ಟು ದೂರ? ಇವತ್ತು ಬರೆಯುತ್ತಿರುವುದು ಆ ಡಬ್ಬಿಯ ಬಗ್ಗೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಗಜದಿಂದ ಜಡಿದು ಹೊಡೆಯುವ ಬಂದೂಕಿಗೆ ಮರಾಠಿಯಲ್ಲಿ ಠಾಸಣೀಚಿ ಬಂದೂಕ ಅನ್ನುತ್ತಾರೆ. ಮಲೆನಾಡಿನವರಿಗೆ ಅದು ಕೇಪಿನ ಕೋವಿ. ಅದರೊಳಗೆ ಹಾಕುವ ಕರಿ ಪುಡಿ ನಮಗೆ ಮದ್ದು, ಮರಾಠಿಯವರಿಗೆ ದಾರೂ. ಎರಡೂ ಭಾಷೆಯವರು ಈ ಪುಡಿಗೆ ಇಟ್ಟ ಹೆಸರು ನೋಡಿ: ನಮ್ಮವರು ಔಷಧದ ಹೆಸರಿಟ್ಟರು, ಅವರು ಕುಡಿಯುವುದರ ಹೆಸರಿಟ್ಟರು. "ಮನ್ಯಾಗ ದಾರೂ ಐತಿ" ಅಂದರೆ ಪೋಲೀಸ್ ಪಾಟೀಲ ಯಾವುದನ್ನು ಬರೆದುಕೊಳ್ಳಬೇಕು ಅಂತ ನಮ್ಮ ಕಡೆ ಹಳೆಯ ಚೇಷ್ಟೆಯೇ ಇದೆ. ಚೇಷ್ಟೆ ಇರಲಿ. ಔಷಧ ಅಂದುಕೊಂಡು ಇಟ್ಟುಕೊಂಡಿದ್ದು ಮನೆ ಸುಡುವ ವಸ್ತು ಎಂಬುದು ಮರೆಯಬಾರದು.

ಈಗ ಕಾನೂನು. ಇದರಲ್ಲಿ ರೈತರಿಗೆ ಅನುಕೂಲದ ಮಾತೂ ಇದೆ, ಬಹಳ ಜನರಿಗೆ ಅದು ಗೊತ್ತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಬೇಕಾದ ಬಂದೂಕು ಅಂತ ಹೆಸರು ಹಿಡಿದು ಹೇಳಿರುವುದು ಈ ಬಾಯಿಂದ ತುಂಬುವ ಬಂದೂಕನ್ನೇ. ನಿಜವಾಗಿ ಬೆಳೆ ಕಾಯಲು ಬೇಕು ಎಂದಾದರೆ, ಬೇರೆ ಅಡ್ಡಿ ಇಲ್ಲದಿದ್ದರೆ, ಪರವಾನಗಿ ಕೊಡತಕ್ಕದ್ದು ಎಂಬ ಧಾಟಿ ಅಲ್ಲಿದೆ. ಇದು ಸಾಲುವುದಿಲ್ಲ ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಬಂದೂಕಿಗೂ ಪರವಾನಗಿ ಕೊಡಬಹುದು. ಮೊದಲು ಪರವಾನಗಿ 3 ವರ್ಷಕ್ಕೆ ಇತ್ತು, 2019ರ ತಿದ್ದುಪಡಿಯ ಮೇಲೆ 5 ವರ್ಷಕ್ಕಾಯಿತು. ಸಾತಬಾರಾ ಉತಾರೆ, ಹೊಲದ ಪಂಚನಾಮೆ, ಠಾಣೆಯ ಅಭಿಪ್ರಾಯ ಅಂತ ಓಡಾಟ ಇದ್ದೇ ಇದೆ. ಆದರೂ ಬಾಗಿಲು ಮುಚ್ಚಿಲ್ಲ.

ಆದರೆ ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ಪ್ರಾಣಿಗೆ ಹೊಡೆಯುವ ಪರವಾನಗಿ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಹಂದಿ ಬೆಳೆ ತಿಂದರೂ ನಾವಾಗಿ ಹೊಡೆಯುವಂತಿಲ್ಲ. ಆ ಕಾಯ್ದೆಯ 11ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ನೇಮಿಸಿದ ಅಧಿಕಾರಿ ಬರೆದುಕೊಟ್ಟ ಅಪ್ಪಣೆ ಬೇಕು. ಬೆಳೆದು ನಿಂತ ಪೈರಿಗೆ ಅಪಾಯ ಎಂಬ ಕಾರಣವನ್ನು ಆ ಕಲಮು ಒಪ್ಪುತ್ತದೆ. ಕೇರಳದಲ್ಲಿ 2022ರಲ್ಲಿ ಸರಕಾರ ಪಂಚಾಯತಿ ಅಧ್ಯಕ್ಷರಿಗೇ ಈ ಅಪ್ಪಣೆ ಕೊಡುವ ಅಧಿಕಾರ ಒಪ್ಪಿಸಿತು. ಹೀಗಾಗಿ ಕಾಸರಗೋಡಿನ ನಮ್ಮ ಕನ್ನಡ ಅಡಿಕೆ ಬೆಳೆಗಾರರು ಊರಲ್ಲೇ ಅರ್ಜಿ ಕೊಡಬಹುದು. ಅಲ್ಲೂ ಹೊಡೆಯುವುದು ಪರವಾನಗಿ ಬಂದೂಕಿನಿಂದಲೇ ಆಗಬೇಕು, ಸಿಡಿಮದ್ದು, ವಿಷ, ಕರೆಂಟು ಯಾವುದೂ ನಡೆಯದು. ಇನ್ನು ಚಿಗರಿಯ ಮಾತೇ ಬೇಡ. ಅದು ಮೊದಲ ಪಟ್ಟಿಯಲ್ಲಿದೆ, ಕನಿಷ್ಠ 3 ವರ್ಷ, 7 ವರ್ಷದವರೆಗೆ ಜೈಲು. ನವಿಲಿಗೂ ತೋಳಕ್ಕೂ ಇದೇ ಲೆಕ್ಕ. ಹಿಂದೆ ಈ ಎರೆಭೂಮಿಯಲ್ಲಿ ಎರೆಭೂತ ಅಂತ ಕರೆಯುತ್ತಿದ್ದ ಆಳೆತ್ತರದ ಹಕ್ಕಿ ಇತ್ತು. ಅದರ ಸಲುವಾಗಿ ಸೋಲಾಪುರದ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯವನ್ನೇ ಮಾಡಿದರು. ಇವತ್ತು ಅದು ಕಣ್ಣಿಗೆ ಬಿದ್ದರೆ ಪೇಪರಿನಲ್ಲಿ ಸುದ್ದಿಯಾಗುವಷ್ಟು ಅಪರೂಪ. ಹುಲ್ಲುಗಾವಲು ಹೋದದ್ದು ಒಂದು ಕಾರಣ, ಬಂದೂಕು ಇನ್ನೊಂದು.

ಹಾಗಾದರೆ ಮದ್ದಿನ ಮಾತು ಯಾಕೆ ಎತ್ತಬೇಕು, ಬೇಟೆಯೇ ಇಲ್ಲ ಅಂದ ಮೇಲೆ? ಯಾಕೆಂದರೆ ಬಂದೂಕುಗಳು ಇವೆ. ಪರವಾನಗಿ ಇರುವವೂ ಇವೆ, ಅಜ್ಜ ತೀರಿಕೊಂಡ ಮೇಲೆ ಹಾಗೇ ಮೂಲೆ ಹಿಡಿದವೂ ಇವೆ. ಅವುಗಳ ಜೊತೆ ಮದ್ದೂ ಇದೆ. ಅದನ್ನು ಅಳೆಯುವ, ಒಯ್ಯುವ, ಇಡುವ ವಿದ್ಯೆ ಮಾತ್ರ ಮುದುಕರ ಜೊತೆಗೇ ಹೋಯಿತು.

ಆ ವಿದ್ಯೆ ಸಣ್ಣದಲ್ಲ. ತೋಟಾ ಬಂದೂಕಿನಲ್ಲಿ ಮದ್ದು ಎಷ್ಟು ಅಂತ ಕಾರ್ಖಾನೆಯವನು ಅಳೆದು ಮುಚ್ಚಿ ಕಳಿಸಿರುತ್ತಾನೆ. ಬಾಯಿಂದ ತುಂಬುವುದರಲ್ಲಿ ಅಳತೆ ಹೊಡೆಯುವವನ ಕೈಯಲ್ಲಿದೆ. ಕರಿಮದ್ದನ್ನು ತಕ್ಕಡಿಯಲ್ಲಿ ತೂಗುವುದಿಲ್ಲ, ಅಳತೆಯ ಕೊಳವೆಯಲ್ಲಿ ತುಂಬಿ ಅಳೆಯುತ್ತಾರೆ, ನಮ್ಮ ಹೆಂಗಸರು ಜೋಳವನ್ನು ಸೇರಿನಲ್ಲಿ ಅಳೆದ ಹಾಗೆ. ಸೇರು ಜೋಳಕ್ಕೂ ಸೇರು ಸಜ್ಜೆಗೂ ತೂಕ ಬೇರೆ ಬೇರೆ ಅಲ್ಲವೇ? ಹಾಗೆಯೇ ಸಣ್ಣ ಕಾಳಿನ ಮದ್ದು, ದಪ್ಪ ಕಾಳಿನ ಮದ್ದು ಒಂದೇ ಕೊಳವೆಯಲ್ಲಿ ಒಂದೇ ಜೋರು ಕೊಡುವುದಿಲ್ಲ. ಸಣ್ಣ ಕಾಳು ಬೇಗ ಉರಿಯುತ್ತದೆ, ನಳಿಗೆಯ ಮೇಲೆ ಭಾರ ಹೆಚ್ಚು. ಅಮೆರಿಕದ ಹಳೆ ಬೇಟೆಗಾರರ ಬಗ್ಗೆ ಒಂದು ಕತೆ ಇದೆ: ಗುಂಡನ್ನು ಅಂಗೈಯಲ್ಲಿಟ್ಟು, ಅದು ಮುಚ್ಚುವ ತನಕ ಮದ್ದು ಸುರಿದರೆ ಅದೇ ಅಳತೆ ಅಂತ. ಕತೆಗೆ ಚೆನ್ನಾಗಿದೆ, ಒಬ್ಬೊಬ್ಬರ ಅಂಗೈ ಒಂದೊಂದು ತರಹ. ನಮ್ಮ ಕಡೆಯೂ "ಒಂದು ಚಿಟಿಕಿ ಜಾಸ್ತಿ ಹಾಕು, ದೂರ ಹೋಗ್ತದ" ಅನ್ನುವವರಿದ್ದಾರೆ. ಜಾಸ್ತಿ ಹಾಕಿದ್ದು ಗುಂಡಿಗೆ ಹೋಗುವ ಬದಲು ಹೊಡೆದವನ ಕೆನ್ನೆಗೆ, ಕಣ್ಣಿಗೆ ಬಂದದ್ದೂ ಉಂಟು. ಹಳೆ ನಳಿಗೆ ಒಳಗಿಂದ ತುಕ್ಕು ತಿಂದು ಎಷ್ಟು ತೆಳ್ಳಗಾಗಿದೆ ಅಂತ ಹೊರಗಿನಿಂದ ನೋಡಿ ಹೇಳಲಾಗದು.

ಇದಕ್ಕಿಂತ ದೊಡ್ಡ ಅಪಾಯ ಅಳತೆಯದಲ್ಲ, ಜಾತಿಯದು. ತೋಟಾ ಬಿಚ್ಚಿ ಅದರೊಳಗಿನ ಹೊಗೆಯಿಲ್ಲದ ಮದ್ದನ್ನು ಹಳೆ ಬಂದೂಕಿಗೆ ಸುರಿಯುವ ಬುದ್ಧಿವಂತರು ಅಲ್ಲಲ್ಲಿ ಇದ್ದಾರೆ. ಪಟಾಕಿ ಬಿಚ್ಚಿ ಸುರಿಯುವವರೂ ಇದ್ದಾರೆ. ಕಣ್ಣಿಗೆ ಎಲ್ಲವೂ ಪುಡಿಯೇ. ಆದರೆ ಹೊಗೆಯಿಲ್ಲದ ಮದ್ದಿನ ಒತ್ತಡ ತಡೆಯುವುದಕ್ಕೆ ಈ ನಳಿಗೆ ಹುಟ್ಟಿದ್ದೇ ಅಲ್ಲ. ಅದು ಬಾಳೆಹಣ್ಣು ಸುಲಿದ ಹಾಗೆ ಸೀಳುತ್ತದೆ. ಕೈಬೆರಳು ಕಳೆದುಕೊಂಡವರು ಆಸ್ಪತ್ರೆಯಲ್ಲಿ "ಪಟಾಕಿ ಹೊಡೀತು" ಅಂತ ಬರೆಸುತ್ತಾರೆ, ಅಲ್ಲಿಗೆ ಮಾತು ಮುಚ್ಚುತ್ತದೆ.

ಒಯ್ಯುವ ಕ್ರಮ ಇನ್ನೊಂದು. ಹಿಂದಿನವರು ಮದ್ದನ್ನು ಕೊಂಬಿನಲ್ಲಿ, ಸೋರೆಬುರುಡೆಯಲ್ಲಿ, ತೊಗಲಿನ ಚೀಲದಲ್ಲಿ ಒಯ್ಯುತ್ತಿದ್ದರು. ಅದು ಬಡತನಕ್ಕಲ್ಲ. ಕೊಂಬು ನೀರು ಕುಡಿಯುವುದಿಲ್ಲ, ಕಲ್ಲಿಗೆ ತಾಗಿದರೆ ಕಿಡಿ ಹಾರುವುದಿಲ್ಲ. ಅಳತೆಯ ಕೊಳವೆಯೂ ಕೊಂಬಿನದು, ಬಿದಿರಿನದು ಅಥವಾ ಹಿತ್ತಾಳೆಯದು, ಕಬ್ಬಿಣದ್ದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಕೊಂಬು ಬೇರೆ, ಅಳತೆ ಬೇರೆ. ಕೊಂಬಿನಿಂದ ನೇರ ನಳಿಗೆಗೆ ಸುರಿಯಬಾರದು. ಒಂದು ಈಡು ಹೊಡೆದ ಮೇಲೆ ನಳಿಗೆಯ ತಳದಲ್ಲಿ ಕೆಂಡದ ಚೂರು ಉಳಿದಿರಬಹುದು. ಅಳತೆಯಿಂದ ಸುರಿದರೆ ಹತ್ತುವುದು ಆ ಒಂದು ಈಡಿನ ಮದ್ದು ಮಾತ್ರ, ಕೊಂಬಿನಿಂದ ಸುರಿದರೆ ಕೈಯಲ್ಲಿನ ಕೊಂಬು ಪೂರಾ ಸಿಡಿಯುತ್ತದೆ. ನಮ್ಮ ಊರ ಹಿರಿಯರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಚರಿಗಿಲೆ ಕುಡಿ, ಕೊಡದಾಗ ಬಾಯಿ ಇಡಬ್ಯಾಡ." ಅವರು ಓದಿದವರಲ್ಲ. ಗಜಕ್ಕೆ ಎರಡು ಗೀರು ಹಾಕಿಟ್ಟಿದ್ದರು: ನಳಿಗೆ ಖಾಲಿ ಇದ್ದಾಗ ಗಜ ಎಲ್ಲಿಯ ತನಕ ಇಳಿಯುತ್ತದೆ, ತುಂಬಿದಾಗ ಎಲ್ಲಿ ನಿಲ್ಲುತ್ತದೆ ಅಂತ. ತುಂಬಿದಾಗಿನ ಗೀರಿನಲ್ಲಿ ಗಜ ನಿಂತರೆ ಒಳಗೆ ಈಡಿದೆ ಎಂದರ್ಥ, ಮತ್ತೆ ತುಂಬಬಾರದು. ಗುಂಡು ಮದ್ದಿನ ಮೇಲೆ ಬಿಗಿಯಾಗಿ ಕೂಡದೆ ನಡುವೆ ಪೊಳ್ಳು ಉಳಿದರೂ ನಳಿಗೆ ಉಬ್ಬುತ್ತದೆ. ಆ ಗೀರು ಇದನ್ನೂ ಹೇಳುತ್ತಿತ್ತು.

ಇವತ್ತು ಅದೇ ಮದ್ದು ಎಲ್ಲಿದೆ? ಪ್ಲಾಸ್ಟಿಕ್ ಬಾಟಲಿಯಲ್ಲಿ, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ, ಗುಟಕಾ ಚೀಟಿಯಲ್ಲಿ. ಪ್ಯಾಂಟಿನ ಒಂದು ಜೇಬಿನಲ್ಲಿ ಮದ್ದಿನ ಪೊಟ್ಟಣ, ಇನ್ನೊಂದರಲ್ಲಿ ಬೀಡಿ ಕಡ್ಡಿಪೆಟ್ಟಿಗೆ, ಮೇಲೆ ಮೋಟರಸೈಕಲ್ಲು.

ಅಳೆದ ಮದ್ದನ್ನು ಸುರಕ್ಷಿತವಾಗಿ ಒಯ್ಯುವುದು ಹೇಗೆ ಎಂಬುದು ಜಗತ್ತಿನ ಸೈನ್ಯಗಳನ್ನೇ ನೂರಾರು ವರ್ಷ ಕಾಡಿದ ಪ್ರಶ್ನೆ. ಯುರೋಪಿನ ಬತ್ತಿಬಂದೂಕಿನ ಸಿಪಾಯಿಗಳು ಎದೆಗೆ ಅಡ್ಡ ಪಟ್ಟಿ ಕಟ್ಟಿ, ಅದಕ್ಕೆ ಹತ್ತು ಹನ್ನೆರಡು ಕಟ್ಟಿಗೆಯ ಪುಟ್ಟ ಡಬ್ಬಿ ತೂಗುಹಾಕುತ್ತಿದ್ದರು, ಒಂದೊಂದರಲ್ಲಿ ಒಂದೊಂದು ಈಡಿನ ಮದ್ದು. ಆಮೇಲೆ ಕಾಗದದ ತೋಟಾ ಬಂತು: ಅಳೆದ ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿದ್ದು. ಎನ್‌ಫೀಲ್ಡ್ ಬಂದೂಕಿನ ತೋಟಾದಲ್ಲಿ ಎರಡೂವರೆ ಡ್ರಾಮ್, ಅಂದರೆ ಸುಮಾರು 4.4 ಗ್ರಾಂ ಮದ್ದು. ನಮ್ಮ ಹಳೆ ತೂಕದಲ್ಲಿ ತೊಲೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಆ ಕಾಗದಕ್ಕೆ ಹಚ್ಚಿದ ಕೊಬ್ಬಿನ ಗುಮಾನಿಯಿಂದ 1857ರಲ್ಲಿ ಏನಾಯಿತು ಅಂತ ಶಾಲೆ ಹುಡುಗರಿಗೂ ಗೊತ್ತು.

ಅದರ ಬೆನ್ನಿಗೇ ಬಂದ ಕಾಯ್ದೆ ನಮ್ಮ ಸೀಮೆಗೆ ಮುಟ್ಟಿದ್ದು ಮಾತ್ರ ಬಹಳ ಪುಸ್ತಕದಲ್ಲಿ ಇರುವುದಿಲ್ಲ. ಜನರ ಕೈಯಲ್ಲಿನ ಹತಾರ ಕಸಿಯುವ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಅದೇ 1857ರಲ್ಲಿ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲ ಅಂದರು. ಅವರಿಗೆ ಅದು ಹೊಟ್ಟೆಪಾಡು, ಮಾನ ಎರಡೂ. ನವೆಂಬರ್ ತಿಂಗಳಲ್ಲಿ ಇಂಗ್ಲಿಷರ ಪಡೆ ಬಂದು ಊರಿಗೆ ಬೆಂಕಿ ಇಟ್ಟಿತು, ಆಮೇಲೆ 19 ಜನರನ್ನು ಗಲ್ಲಿಗೇರಿಸಿದರು. ಆ ಹೋರಾಟದ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದರು, ನಮ್ಮ ಕಡೆ ಡಪ್ಪಿನ ಮೇಳದವರು ಅದನ್ನು ಮರೆತಿಲ್ಲ. ಅದೇ ಕಾಯ್ದೆಯಿಂದ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು! ಕೊಡವರು, ಜಮ್ಮಾ ಹಿಡುವಳಿದಾರರು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬ ಆ ವಿನಾಯಿತಿ ಇವತ್ತಿಗೂ ನಡೆದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ 31ರ ತನಕ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಗಂಡು ಕೂಸು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಕೈಲ್‌ಪೊಳ್ದು ಹಬ್ಬಕ್ಕೆ ಕೋವಿಗೆ ಪೂಜೆ. ನಾನು ಅದಕ್ಕೆ ಹೊಟ್ಟೆಕಿಚ್ಚು ಪಡುವವನಲ್ಲ. ಆದರೆ ಒಂದು ಮಾತು ಅಲ್ಲಿಂದ ಕಲಿಯಬಹುದು. ಕೋವಿ ದೇವರ ಮನೆಯ ಮುಂದೆ ಬರುವ ವಸ್ತು ಆದಾಗ ಅದನ್ನು ಹೇಗೆ ಹಿಡಿಯಬೇಕು, ಮದ್ದು ಎಲ್ಲಿಡಬೇಕು ಎಂಬುದನ್ನು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾರೆ. ನಮ್ಮ ಕಡೆ ಅದು ಮುಚ್ಚಿಟ್ಟ ವಸ್ತು ಆಯಿತು. ಮುಚ್ಚಿಟ್ಟದ್ದನ್ನು ಯಾರಿಗೂ ಹೇಳಿಕೊಡಲಾಗುವುದಿಲ್ಲ.

ಮದ್ದಿನ ಜೊತೆ ನಮ್ಮ ಸೀಮೆಯ ನಂಟು ಹಳೆಯದು ಅಂತ ಹೆಮ್ಮೆ ಪಡುವವರು ವಿಜಯಪುರದ ಮುಲ್ಕ್ ಮೈದಾನ ತೋಪು ತೋರಿಸುತ್ತಾರೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದೂ ಬಾಯಿಂದ ತುಂಬುವುದೇ. ಸೋಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ನೋಡಲು ಗಡಿಯ ಎರಡೂ ಕಡೆಯವರು ಹೋಗುತ್ತೇವೆ. ನಮ್ಮದೇ ಸಾಂಗಲಿ ಜಿಲ್ಲೆಯ ತಾಸಗಾಂವ ತಾಲೂಕಿನ ಕವಠೆ ಏಕಂದದ ದಸರೆಯ ಮದ್ದು ಮಹಾರಾಷ್ಟ್ರಕ್ಕೇ ಹೆಸರಾದದ್ದು. ಅದೇ ಕವಠೆ ಏಕಂದದಲ್ಲಿ 2015ರ ಮೇ ತಿಂಗಳಲ್ಲಿ ಪಟಾಕಿ ಕಾರ್ಖಾನೆಯೊಂದು ಸಿಡಿದು ಹಲವರು ಜೀವ ಕಳೆದುಕೊಂಡರು. ತಲೆತಲಾಂತರದಿಂದ ಮದ್ದಿನ ಕೆಲಸ ಬಲ್ಲ ಊರಿನಲ್ಲೇ ಹೀಗಾದರೆ, ಏನೂ ಗೊತ್ತಿಲ್ಲದ ಅಟ್ಟದ ಡಬ್ಬಿಯ ಗತಿ ಏನು?

ಇನ್ನು ಎಲ್ಲಕ್ಕಿಂತ ಹೇಸಿಗೆಯ ಉಪಯೋಗವೊಂದಿದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಬಂದೂಕಿನ ಗೋಜೇ ಬೇಡ ಅಂತ ಮದ್ದನ್ನು ಹಿಟ್ಟಿನಲ್ಲೋ ಹಣ್ಣಿನಲ್ಲೋ ಉಂಡಿ ಕಟ್ಟಿ ಹೊಲದ ಬದುವಿನಲ್ಲಿ ಇಡುವುದು. ಹಂದಿ ಕಚ್ಚಿದರೆ ದವಡೆ ಹಾರುತ್ತದೆ. ಹಂದಿಯೇ ಕಚ್ಚಬೇಕು ಅಂತ ಬರೆದಿಟ್ಟಿದ್ದಾರೆಯೇ? ಮೇಯಲು ಬಂದ ಆಕಳು ಕಚ್ಚುತ್ತದೆ, ನಾಯಿ ಕಚ್ಚುತ್ತದೆ, ಮಾಡಗ್ಯಾಳದ ಕುರಿ ಹಿಂಡು ಹಾಯುತ್ತದೆ, ಕುರಿ ಕಾಯುವ ಹುಡುಗ ಚೆಂಡು ಅಂತ ಎತ್ತಿಕೊಳ್ಳುತ್ತಾನೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗಬ್ಬದ ಆನೆಯೊಂದು ಇಂಥದ್ದನ್ನೇ ಕಚ್ಚಿ, ಬಾಯಿ ಒಡೆದು, ನೀರಿನಲ್ಲಿ ನಿಂತೇ ಸತ್ತದ್ದನ್ನು ದೇಶವೆಲ್ಲ ನೋಡಿತು. ಆನೆಯಾದ್ದರಿಂದ ಸುದ್ದಿಯಾಯಿತು. ಬಡವನ ಆಕಳಾಗಿದ್ದರೆ ಪಂಚನಾಮೆಯೂ ಆಗುವುದಿಲ್ಲ. ಇಂಥ ಉಂಡಿ ಇಟ್ಟವನ ಮೇಲೆ ಬೀಳುವುದು 1908ರ ಸ್ಫೋಟಕ ವಸ್ತುಗಳ ಕಾಯ್ದೆ. ಅಲ್ಲಿ "ನಾನು ರೈತ, ಬೆಳಿ ಕಾಯಾಕ ಇಟ್ಟಿದ್ನಿ" ಅಂದರೆ ಕೇಳುವವರಿಲ್ಲ, ಕೇಳಲೂ ಬಾರದು.

ಗಡಿಯ ತೊಡಕು ಬೇರೆಯೇ ಇದೆ. ನಮ್ಮಲ್ಲಿ ಬೀಗರು ಆ ಕಡೆ, ಹೊಲ ಈ ಕಡೆ. ಸಂತೆಗೆ ಚಡಚಣ, ದವಾಖಾನೆಗೆ ವಿಜಯಪುರ, ಕಚೇರಿಗೆ ಜತ್ತ, ಕೋರ್ಟಿಗೆ ಸಾಂಗಲಿ. ಮದುವೆಗೆ, ಗುಡ್ಡಾಪುರ ದಾನಮ್ಮನ ಜಾತ್ರೆಗೆ ಹೋಗುವ ಹಾಗೆ ಗಡಿ ದಾಟುವುದು ನಮಗೆ ಅಂಗಳ ದಾಟಿದಂತೆ. ಬಂದೂಕಿನ ಪರವಾನಗಿಗೆ ಹಾಗಿಲ್ಲ. ಅದರಲ್ಲಿ ಕ್ಷೇತ್ರ ಬರೆದಿರುತ್ತದೆ. ಸಾಂಗಲಿಯ ಪರವಾನಗಿಯಲ್ಲಿ ಮಹಾರಾಷ್ಟ್ರ ಅಂತಷ್ಟೇ ಇದ್ದರೆ, ಅಳಿಯನ ಹೊಲದ ಹಂದಿ ಓಡಿಸಲು ಅದನ್ನು ಇಂಡಿ ತಾಲೂಕಿಗೆ ಒಯ್ದದ್ದು ಅಪರಾಧವೇ. ಮದ್ದಿನ ಪೊಟ್ಟಣ ಬಸ್ಸಿನಲ್ಲಿ ಒಯ್ಯುವುದಂತೂ ಆ ಸಾರಿಗೆಯೂ ಒಪ್ಪದು, ಈ ಸಾರಿಗೆಯೂ ಒಪ್ಪದು. ನಾಕಾ ಮೇಲೆ ಚೀಲ ತಪಾಸಣೆ ಮಾಡುವ ಪೋಲೀಸನಿಗೆ ಅರ್ಧ ಕಿಲೋ ಕರಿ ಪುಡಿ ಕಂಡರೆ ಅವನಿಗೆ ಹೊಳೆಯುವುದು ಹಂದಿ ಅಲ್ಲ. ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ನಮ್ಮ ಮುದುಕ ಕನ್ನಡದಲ್ಲಿ ತಡವರಿಸಿದರೆ ಗುಮಾನಿ ಇನ್ನೂ ಗಟ್ಟಿಯಾಗುತ್ತದೆ.

ಚುನಾವಣೆಯ ಸಮಯ ನೋಡಿ. ನೀತಿಸಂಹಿತೆ ಬಂದರೆ ಪರವಾನಗಿ ಬಂದೂಕನ್ನು ಠಾಣೆಗೆ ಒಪ್ಪಿಸಲು ನೋಟೀಸು ಬರುತ್ತದೆ. ಬಂದೂಕು ಹೋಗುತ್ತದೆ, ರಶೀದಿ ಬರುತ್ತದೆ. ಮದ್ದಿನ ಡಬ್ಬಿ? ಅದನ್ನು ಕೇಳಿದ್ದು ನಾನಂತೂ ಕಂಡಿಲ್ಲ. ಬಂದೂಕಿಲ್ಲದ ಮನೆಯಲ್ಲಿ ಮದ್ದು ಮಾತ್ರ ಎರಡು ತಿಂಗಳು ಕೂತಿರುತ್ತದೆ. ಕರಾವಳಿ, ಮಲೆನಾಡಿನ ರೈತರು ಬೆಳೆ ರಕ್ಷಣೆಯ ಕೋವಿಗೆ ಚುನಾವಣೆಯಲ್ಲಿ ವಿನಾಯಿತಿ ಕೊಡಿ ಅಂತ ಪ್ರತಿಸಲ ಕೇಳುತ್ತಾರೆ, ಅದರಲ್ಲಿ ನ್ಯಾಯವಿದೆ. ಆದರೆ ವಿನಾಯಿತಿ ಕೇಳುವ ಬಾಯಿ ಮದ್ದಿನ ಲೆಕ್ಕ ಹೇಳಲೂ ತಯಾರಿರಬೇಕು.

ಸರಕಾರ ಮಾಡಬಹುದಾದದ್ದು ದೊಡ್ಡದೇನಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪರವಾನಗಿ ಕೇಳುವವರಿಗೆ ಸುರಕ್ಷತೆಯ ತರಬೇತಿ ಅಂತ ಇದೆ. ಬಂದೂಕು, ಮದ್ದುಗುಂಡು ಹೇಗಿಡಬೇಕು, ಹೇಗೆ ಒಯ್ಯಬೇಕು ಎಂಬುದೂ ಅದರಲ್ಲಿ ಸೇರಿದೆ. 2016ಕ್ಕಿಂತ ಮೊದಲು ಪರವಾನಗಿ ಪಡೆದ ಮುದುಕರಿಗೆ ಇದನ್ನು ಯಾರು ಹೇಳಬೇಕು? ನವೀಕರಣಕ್ಕೆ ಬಂದ ದಿನ ಅರ್ಧ ತಾಸು ಕೂಡಿಸಿ ಹೇಳಿದರೆ ಸಾಕು. ಜತ್ತ ತಾಲೂಕಿನ ಪೂರ್ವ ಭಾಗದವರಿಗೆ ಅದನ್ನು ಕನ್ನಡದಲ್ಲಿ ಹೇಳಬೇಕು. ಭಾಷೆಯ ಹಟಕ್ಕಲ್ಲ ಈ ಮಾತು. ಕುಣಿಕೋಣೂರ, ದರಿಕೋಣೂರ, ಸಂಖದ ಕಡೆ ಮನೆಯಲ್ಲಿ ಅಟ್ಟ ಹತ್ತಿ ಇಳಿಯುವ ಹೆಂಗಸರಿಗೆ, ಮಕ್ಕಳಿಗೆ ತಿಳಿಯುವ ಭಾಷೆ ಅದು, ಡಬ್ಬಿಯ ಹತ್ತಿರ ಹೋಗುವವರೂ ಅವರೇ. ಸರಪಂಚರು ಗ್ರಾಮಸಭೆಯಲ್ಲಿ ಒಂದು ವಿಷಯ ಹೆಚ್ಚಿಗೆ ಇಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಹಂದಿಯ ಹಾವಳಿಗೆ ಅರಣ್ಯ ಇಲಾಖೆಗೆ ಅರ್ಜಿ ಹೇಗೆ ಕೊಡಬೇಕು, ಪರಿಹಾರಕ್ಕೆ ಏನೇನು ಕಾಗದ ಬೇಕು ಎಂಬುದನ್ನು ಅದೇ ಸಭೆಯಲ್ಲಿ ಹೇಳಬಹುದು. ಪರಿಹಾರ ಹೊತ್ತಿಗೆ ಸರಿಯಾಗಿ ಕೈಗೆ ಬಂದರೆ ಅರ್ಧ ಜನ ಅಟ್ಟದ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ಇದು ಇಲಾಖೆಯವರಿಗೆ ಗೊತ್ತಿಲ್ಲದ ಮಾತಲ್ಲ.

ಪರವಾನಗಿ ಇದ್ದವರು ಮನೆಯಲ್ಲಿ ಇಷ್ಟು ನೋಡಿಕೊಳ್ಳಲಿ. ಮದ್ದು ಪರವಾನಗಿ ಇರುವ ಅಂಗಡಿಯಿಂದಲೇ, ಪುಸ್ತಕ ತೋರಿಸಿ, ಬೇಕಾದಷ್ಟೇ. ಬಂದೂಕು ಒಂದು ಕಡೆ, ಮದ್ದು ಒಂದು ಕಡೆ, ಕೇಪು ಮೂರನೇ ಕಡೆ, ಮೂರಕ್ಕೂ ಬೀಗ. ಒಲೆ, ದೀಪ, ಸ್ವಿಚ್ ಬೋರ್ಡು, ಗ್ಯಾಸ್ ಸಿಲಿಂಡರಿನಿಂದ ದೂರ. ಒದ್ದೆಯಾದ ಮದ್ದನ್ನು ಬಿಸಿಲಿಗೆ ಹರವುವುದು, ಹಂಚಿನ ಮೇಲೆ ಬೆಚ್ಚಗೆ ಮಾಡುವುದು ಬೇಡವೇ ಬೇಡ. ಹಿಂದೆ ಹಾಗೆ ಮಾಡಿ ಹುಬ್ಬು ಸುಟ್ಟುಕೊಂಡವರ ಕತೆ ನಗುತ್ತ ಹೇಳುತ್ತಾರೆ, ಹುಬ್ಬಿಗೇ ನಿಂತದ್ದು ಅವರ ಪುಣ್ಯ. ಮಕ್ಕಳಿಗೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ ಎಂದು ತಿಳಿದಿರುವ ತಂದೆತಾಯಿಗಳಿಗೆ ಒಂದೇ ಮಾತು: ನೀವು ಚಿಕ್ಕವರಿದ್ದಾಗ ಅಜ್ಜ ಬೆಲ್ಲ ಎಲ್ಲಿಡುತ್ತಿದ್ದ ಅಂತ ನಿಮಗೆ ಗೊತ್ತಿರಲಿಲ್ಲವೇ?

ಪರವಾನಗಿ ಹೊಂದಿದವರು ತೀರಿಕೊಂಡಿದ್ದರೆ ಹತಾರವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ತಾನಾಗಿ ಮಗನಿಗೆ ಬರುವುದಿಲ್ಲ, ಸಾತಬಾರಾಕ್ಕೆ ವಾರಸಾ ಹಚ್ಚಿದ ಹಾಗೆ ಅಲ್ಲ ಅದು. ಕಾಯ್ದೆಯ 21ನೇ ಕಲಮಿನ ಪ್ರಕಾರ ತಡ ಮಾಡದೆ ಪೋಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯ ಹತ್ತಿರ ಜಮಾ ಮಾಡಬೇಕು. ಇಟ್ಟುಕೊಳ್ಳಬೇಕೆಂದರೆ ಮಗ ತನ್ನ ಹೆಸರಿನಲ್ಲಿ ಬೇರೆ ಅರ್ಜಿ ಹಾಕಬೇಕು. ಉಳಿದ ಮದ್ದನ್ನು ಮಾತ್ರ ತಾವಾಗಿ ಸುಡಲು ಹೋಗಬಾರದು, ತಿಪ್ಪೆಗೆ ಚೆಲ್ಲಬಾರದು, ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬಾರದು. ಠಾಣೆಗೆ ಮೊದಲು ತಿಳಿಸಿ, "ಇಂಥಲ್ಲಿ ಇಷ್ಟು ಐತಿ, ಬಂದು ಒಯ್ಯರಿ" ಅಂತ ಬರೆದುಕೊಟ್ಟು, ಅರ್ಜಿಯ ಒಂದು ಪ್ರತಿಯ ಮೇಲೆ ಶಿಕ್ಕಾ ಹಾಕಿಸಿಕೊಳ್ಳಿ. ಅರ್ಜಿ ಬರೆಯಲು ಮರಾಠಿ ಬಾರದಿದ್ದರೆ ಊರ ಶಾಲೆಯ ಮಾಸ್ತರರನ್ನು ಕೇಳಿ, ಬರೆದುಕೊಡುತ್ತಾರೆ. ಬರುವ ಗೋಂಜಾಳದ ಹಂಗಾಮಿಗೆ ಮೊದಲು, ಅಟ್ಟದ ಮೇಲೆ ಕಾಳಿನ ಚೀಲ ಏರಿಸುವ ಮುಂಚೆ, ಈ ಕೆಲಸ ಆಗಬೇಕು.